ಗಂಟೆ ಹೊಡೆಯುವ ಕೈ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವವನಲ್ಲ. ಯಾರಾದರೂ ಹುಣಸೆ ಮರದ ಕೆಳಗೆ ಏನೋ ಕಂಡೆ ಎಂದರೆ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಾ ಎಂದು ಕಳಿಸುತ್ತಿದ್ದವನು. ವರ್ಷಗಟ್ಟಲೆ ವಿಡಿಯೋ ಕ್ಯಾಸೆಟ್ಟುಗಳ ನಡುವೆ ಬದುಕಿದವನಿಗೆ ಒಂದು ಮಾತು ಚೆನ್ನಾಗಿ ಗೊತ್ತಿರುತ್ತದೆ. ಟೇಪಿನ ಮೇಲೆ ತೆಗೆದದ್ದು ಇರುತ್ತದೆ, ತೆಗೆಯದೇ ಇದ್ದದ್ದು ಇರುವುದಿಲ್ಲ, ಅಳಿಸಿದ್ದು ಹೋಯಿತು. ಇದರಲ್ಲಿ ವಾದ ಮಾಡುವಂಥದ್ದು ಏನಿದೆ ಎಂದುಕೊಂಡಿದ್ದೆ. ಕಮಲಾಪುರದ ಆ ಒಂದು ಮಧ್ಯಾಹ್ನದ ನಂತರ ಅಷ್ಟು ಜೋರಾಗಿ ಹೇಳುವ ಧೈರ್ಯ ಉಳಿದಿಲ್ಲ. ನೀವು ನಂಬಲೇಬೇಕು ಎಂದು ನನ್ನ ಹಟವಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೊಂಬತ್ತರ ದಶಕದ ಮಾತು. ಕಲಬುರಗಿಯನ್ನು ಆಗಿನ್ನೂ ಗುಲ್ಬರ್ಗಾ ಎನ್ನುತ್ತಿದ್ದರು. ಊರಿಗೆ ಕೇಬಲ್ ಟಿ.ವಿ. ಹೊಸದಾಗಿ ಬಂದಿತ್ತು. ನಾನು ಮತ್ತು ನನ್ನ ಗೆಳೆಯ ಚನ್ನಪ್ಪ ಮದುವೆಗಳ ವಿಡಿಯೋ ತೆಗೆಯುತ್ತಿದ್ದೆವು. ಚನ್ನಪ್ಪ ಅಲ್ಲೇ ಹತ್ತಿರದ ಕಮಲಾಪುರದವನು, ಬಾಳೆ ತೋಟದ ಮನೆತನ. ಅಕ್ಷತೆ ಹಾಕುವುದನ್ನೇ ತೆಗೆದು ತೆಗೆದು ಬೇಸತ್ತ ಅವನಿಗೆ ಒಂದು ದಿನ ಹುಕಿ ಬಂತು, ನಮ್ಮ ಊರಿನ ಮಂದಿಯನ್ನೇ ಕೂರಿಸಿ ಟಿ.ವಿ.ಯಲ್ಲಿ ಆಟ ಆಡಿಸಬೇಕು ಎಂದು. ಹಾಗೆ ಹುಟ್ಟಿದ್ದು ನಮ್ಮ ಕಂಪನಿ, ‘ಕೆಂಬಾಳೆ ವಿಡಿಯೋ’. ಕಂಪನಿ ಎಂದರೆ ನಾವಿಬ್ಬರು, ಒಂದು ಕ್ಯಾಮೆರಾ, ಎರಡು ವಿ.ಸಿ.ಆರ್., ಊರ ಹೊರಗಿನ ಕಪನೂರಿನಲ್ಲಿ ಒಂದು ತಗಡಿನ ಶೆಡ್ಡು. ಪಕ್ಕದಲ್ಲೇ ಬೇಳೆ ಮಿಲ್ಲು. ತೊಗರಿ ಹೊಟ್ಟಿನ ಧೂಳು ಎಲ್ಲೆಲ್ಲಿಯೂ ಕೂರುತ್ತಿತ್ತು, ವಿ.ಸಿ.ಆರ್. ಒಳಗಿನ ಟೇಪು ಓದುವ ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸುವುದೇ ನನ್ನ ಅರ್ಧ ಉದ್ಯೋಗವಾಗಿತ್ತು.

ಆಟದ ಹೆಸರು ‘ಓಣಿಗೆ ಓಣಿ’. ಎರಡು ಓಣಿಗಳ ಮನೆಮಂದಿ ಎದುರುಬದುರು ಕೂಡುವುದು, ಚನ್ನಪ್ಪ ಪ್ರಶ್ನೆ ಕೇಳುವುದು, ಉತ್ತರ ತಪ್ಪಿದರೆ ಗಂಟೆ. ಗೆದ್ದ ಓಣಿಗೆ ಸ್ಟೀಲಿನ ಡಬ್ಬಿಗಳು. ಭಾನುವಾರ ಸಂಜೆ ಕೇಬಲ್‌ನಲ್ಲಿ ಬರುತ್ತಿತ್ತು. ಇನ್ನೊಂದು ಕ್ಯಾಸೆಟ್ಟನ್ನು ಬಸ್ಸಿಗೆ ಕೊಟ್ಟು ಕಮಲಾಪುರದ ಕೇಬಲ್‌ನವರಿಗೂ ಕಳಿಸುತ್ತಿದ್ದೆವು, ಚನ್ನಪ್ಪನ ಅವ್ವ ನೋಡಲಿ ಎಂದು. ಶರಣಬಸವೇಶ್ವರ ಗುಡಿ ಕಡೆಯ ಓಣಿಯವರು ಒಮ್ಮೆ ಸೋತು ಚನ್ನಪ್ಪನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ಜನ ಅಷ್ಟು ಮನಸ್ಸಿಗೆ ಹಚ್ಚಿಕೊಂಡು ನೋಡುತ್ತಿದ್ದರು.

ಆಟ ಶುರುವಾಗುವ ಮೊದಲು ಕಂಪನಿಯ ಲೋಗೋ ಬರಬೇಕಲ್ಲ. ನಮ್ಮ ಮೊದಲನೆಯ ಲೋಗೋ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಹಳೆಯ ಗ್ರಾಮಫೋನಿನ ತಟ್ಟೆಯ ಮೇಲಿಟ್ಟು ತಿರುಗಿಸಿ ತೆಗೆದದ್ದು. ಮೂರನೇ ಸುತ್ತಿಗೆ ಒಂದು ಹಣ್ಣು ಕಳಚಿ ಕೆಳಗೆ ಬೀಳುತ್ತಿತ್ತು. ಮತ್ತೆ ತೆಗೆಯೋಣವೆಂದರೆ ಅಷ್ಟರಲ್ಲಿ ಉಳಿದ ಹಣ್ಣು ನಾವೇ ತಿಂದು ಮುಗಿಸಿದ್ದೆವು. ನಿಮ್ಮದು ಟಿ.ವಿ. ಕಂಪನಿಯೋ ಹಣ್ಣಿನ ಬಂಡಿಯೋ ಎಂದು ಕಂಡವರೆಲ್ಲ ಕೇಳತೊಡಗಿದ ಮೇಲೆ ಎರಡನೆಯದನ್ನು ಮಾಡಿದೆವು. ಈ ಕಥೆ ಆ ಎರಡನೆಯದರದ್ದು.

ಆಟದಲ್ಲಿ ಗಂಟೆ ಹೊಡೆಯುತ್ತಿದ್ದವಳು ಚನ್ನಪ್ಪನ ಅಕ್ಕ, ಶಾಂತಕ್ಕ. ಗುಲ್ಬರ್ಗಾದಲ್ಲೇ ಪ್ರಾಥಮಿಕ ಶಾಲೆಯ ಟೀಚರು, ತಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಕ್ಯಾಮೆರಾಕ್ಕೆ ಕಾಣದ ಹಾಗೆ ಮೂಲೆಯಲ್ಲಿ ಕೂತು ಗಂಟೆ ಹೊಡೆಯುವಳು. ಹೊಡೆದು ಸುಮ್ಮನಿರುತ್ತಿರಲಿಲ್ಲ. ತಪ್ಪು ಉತ್ತರ ಕೊಟ್ಟವರ ಕಡೆ ಅಂಗೈ ತಿರುಗಿಸಿ ಮೆಲ್ಲಗೆ ಎರಡು ಸಲ ಆಡಿಸುವಳು, ‘ಇರ್ಲಿ ಬಿಡ್ರಿ’ ಎನ್ನುವ ಹಾಗೆ. ಲೆಕ್ಕ ತಪ್ಪಿದ ಮಕ್ಕಳಿಗೆ ಮಾಡಿ ಮಾಡಿ ರೂಢಿಯಾಗಿತ್ತು. ಸೋತವರು ಆ ಕೈ ನೋಡಿ ನಕ್ಕುಬಿಡುತ್ತಿದ್ದರು.

ಲೋಗೋದಲ್ಲಿ ಆಕೆಯೇ ಗಂಟೆ ಹೊಡೆಯಲಿ ಎಂದು ಚನ್ನಪ್ಪ ಹಟ ಹಿಡಿದ. ಆಕೆ ಒಪ್ಪಲಿಲ್ಲ.

“ಬ್ಯಾಡೋ ಯಪ್ಪಾ, ಸಾಲಿ ಹುಡುಗ್ರು ನಗ್ತಾವ. ಬೇಕಾದ್ರ ಕೈ ಅಷ್ಟ ತೊಗೊಂಡು ಹೋಗ್ರಿ” ಎಂದಳು.

ಸರಿ, ಕೈಯನ್ನಷ್ಟೇ ತೆಗೆದುಕೊಂಡೆವು. ಕಪ್ಪು ಬಟ್ಟೆ, ಒಂದು ಚಿಪ್ಪು ಕೆಂಬಾಳೆ, ಅವ್ವನ ದೇವರ ಜಗುಲಿಯಿಂದ ಒಂದು ದಿನದ ಮಟ್ಟಿಗೆ ತಂದ ಹಿತ್ತಾಳೆಯ ಗಂಟೆ. ಬಲಗಡೆಯಿಂದ ಕರಿ ಪಟ್ಟಿಯ ವಾಚು ಕಟ್ಟಿದ ಕೈ ಬಂದು ಗಂಟೆ ಎತ್ತಿ ಒಂದು ಸಲ ಹೊಡೆದು ಕೆಳಗಿಡಬೇಕು. ಅಷ್ಟೇ. ಆದರೆ ಕ್ಯಾಮೆರಾ ಓಡಿಸದೆ ಬರಿದೇ ಅಭ್ಯಾಸ ಮಾಡಿಸುವಾಗಲೆಲ್ಲ ಗಂಟೆ ಇಟ್ಟ ಕೂಡಲೇ ಆ ಅಂಗೈ ತಿರುಗಿ ‘ಇರ್ಲಿ ಬಿಡ್ರಿ’ ಎನ್ನುವುದು. ನನಗೆ ಸಿಟ್ಟು. “ಅಕ್ಕಾ, ಗಂಟಿ ಇಟ್ಟು ಕೈ ಹಿಂದ ತೊಗೋ, ಮುಗೀತು” ಎಂದರೆ “ಹೂಂ, ಆತು” ಎನ್ನುವಳು, ಮತ್ತೆ ಅದನ್ನೇ ಮಾಡುವಳು. ಕೊನೆಗೆ ನಾನೇ ಉಪಾಯ ಮಾಡಿದೆ. ಗಂಟೆ ಬಟ್ಟೆಯನ್ನು ಮುಟ್ಟಿದ ಕ್ಷಣಕ್ಕೆ ಗುಂಡಿ ಒತ್ತಿ ಕ್ಯಾಮೆರಾ ನಿಲ್ಲಿಸಿಬಿಟ್ಟೆ. ನಿಲ್ಲಿಸಿದ ಮೇಲೆ ಕೈ ತಿರುಗಿತು. ಕ್ಯಾಮೆರಾ ಓಡಿಸಿದ್ದು ಅದೊಂದೇ ಸಲ. ಇದನ್ನು ದಯವಿಟ್ಟು ನೆನಪಿಡಿ.

ಎರಡು ವರ್ಷ ಆ ಲೋಗೋ ಓಡಿತು. ಯಾರ ಕೈರೀ ಅದು, ಎಂದು ಬಜಾರಿನಲ್ಲಿ ಜನ ಕೇಳುತ್ತಿದ್ದರು. ಆಮೇಲೆ ಶಾಂತಕ್ಕನಿಗೆ ಕಾಮಾಲೆ ಆಯಿತು. ನಾಟಿ ಔಷಧ, ಆಸ್ಪತ್ರೆ, ಎಲ್ಲಾ ಆಯಿತು. ಮೂರೇ ವಾರದಲ್ಲಿ ಹೋಗಿಬಿಟ್ಟಳು. ನನಗೆ ಒಡಹುಟ್ಟಿದ ಅಕ್ಕ ಇರಲಿಲ್ಲ, ಆ ಕೊರತೆ ನೀಗಿಸಿದವಳು ಆಕೆ.

ಶೆಡ್ಡಿನಲ್ಲಿ ಪ್ರತಿ ವಾರ ಕ್ಯಾಸೆಟ್ ಜೋಡಿಸುವಾಗ ಗಂಟೆಯ ಸದ್ದು ಬಂದ ಕೂಡಲೇ ಚನ್ನಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಬೇಳೆ ಮಿಲ್ಲಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಕೆಲವು ತಿಂಗಳು ನೋಡಿ ನಾನೇ ಹೇಳಿದೆ, ಲೋಗೋ ಬದಲಿಸೋಣ ಎಂದು. ಸೂಪರ್ ಮಾರ್ಕೆಟ್ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಮೂರನೆಯದನ್ನು ಮಾಡಿಸಿದೆವು. ಬಂಗಾರದ ಬಣ್ಣದ ಅಕ್ಷರಗಳು ಹಾರಿ ಬಂದು ಕೂಡಿಕೊಳ್ಳುವುದು. ಜನ ಭಾರಿ ಆಗ್ಯಾದ ಎಂದು ಹೊಗಳಿದರು.

ಹೊಗಳದೇ ಇದ್ದವಳು ಅವ್ವ ಒಬ್ಬಳೇ. ಆಕೆ ಭಾನುವಾರ ಟಿ.ವಿ. ಮುಂದೆ ಕೂರುವುದನ್ನೇ ಬಿಟ್ಟಳು ಎಂದು ಕಮಲಾಪುರದಿಂದ ಚನ್ನಪ್ಪನ ಅಣ್ಣನ ಹೆಂಡತಿ ಹೇಳಿ ಕಳಿಸಿದಳು. ಅವ್ವ ಇಷ್ಟು ದಿನ ನೋಡುತ್ತಿದ್ದದ್ದು ಆಟವನ್ನಲ್ಲ. ಗಂಟೆ ಹೊಡೆಯುವ ಕೈ ಬಂದು ಹೋಗುವವರೆಗೆ ಕೂತು, ಆಟ ಶುರುವಾದ ಕೂಡಲೇ ಎದ್ದು ಹೋಗುತ್ತಿದ್ದಳಂತೆ. ಮನೆಯಲ್ಲಿ ಶಾಂತಕ್ಕನ ಫೋಟೋಗಳಿದ್ದವು. ಆದರೆ ಮಗಳು ಅಲುಗಾಡುವುದನ್ನು ನೋಡಲು ಆಕೆಗೆ ಉಳಿದಿದ್ದದ್ದು ಆ ಕೈಯೊಂದೇ. ಇದು ನಮಗೆ ಹೊಳೆದಿರಲೇ ಇಲ್ಲ. ಚನ್ನಪ್ಪ ಅತ್ತುಬಿಟ್ಟ. ಅಕ್ಕನ ವರ್ಷದ ಪುಣ್ಯತಿಥಿಗೆ ಹಳೆಯ ಲೋಗೋ ತಂದು ತೋರಿಸುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟು, ಅದನ್ನು ಹುಡುಕಿ ತೆಗೆಯುವ ಕೆಲಸ ನನಗೆ ವಹಿಸಿದ.

ಹುಡುಕಿದೆ. ಲೋಗೋದ ಮೂಲ ಕ್ಯಾಸೆಟ್ಟು ಕಪಾಟಿನಲ್ಲೇ ಇತ್ತು. ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚಕ್ಕೆ ಇರುತ್ತದೆ. ಅದನ್ನು ಮುರಿದರೆ ಮತ್ತೆ ಅದರ ಮೇಲೆ ಏನೂ ತುಂಬಲು ಬರುವುದಿಲ್ಲ. ಮೂಲ ಕ್ಯಾಸೆಟ್ಟಿಗೆ ಹಾಗೆ ಮುರಿದಿದ್ದೆ. ಈಗ ಆ ತೂತಿನ ಮೇಲೆ ಸೆಲೋ ಟೇಪು ಅಂಟಿಸಿತ್ತು, ಹಾಗೆ ಮುಚ್ಚಿದರೆ ಮತ್ತೆ ತುಂಬಲು ಬರುತ್ತದೆ. ಅಂಟಿಸಿದವನು ನಾನೇ. ಹೊಸ ಲೋಗೋ ಬಂದ ಮೇಲೆ ಒಂದು ದಿನ ಆಟದ ನಡುವೆ ಖಾಲಿ ಕ್ಯಾಸೆಟ್ ಮುಗಿದಾಗ, ಕೈಗೆ ಸಿಕ್ಕಿದ್ದಕ್ಕೆ ಟೇಪು ಹಚ್ಚಿ ಒಳಗೆ ತುರುಕಿದ್ದೆ. ಇಂಥ ಕೆಲಸ ನಾವು ದಿನಾ ಮಾಡುತ್ತಿದ್ದೆವು, ಯಾವ ಕ್ಯಾಸೆಟ್ಟು ಎಂದು ಹೆಸರು ಓದುವ ಪುರಸೊತ್ತು ಯಾರಿಗಿತ್ತು? ಶಾಂತಕ್ಕನ ಕೈ ಇದ್ದ ಜಾಗದಲ್ಲಿ ಈಗ ಯಾವುದೋ ಓಣಿಯವರು ಕೂತು ನಗುತ್ತಿದ್ದರು.

ಬೇರೆ ನಕಲಾದರೂ ಸಿಕ್ಕೀತು ಎಂದು ಓಡಾಡಿದೆ. ನಮ್ಮ ವಾರದ ಕ್ಯಾಸೆಟ್ಟುಗಳ ಮೇಲೆ ಮುಂದಿನ ವಾರದ್ದನ್ನು ತುಂಬುತ್ತಿದ್ದೆವು, ಅಲ್ಲಿ ಉಳಿದಿರಲಿಲ್ಲ. ಎರಡೂ ಊರಿನ ಕೇಬಲ್‌ನವರ ಹತ್ತಿರ ಇರಲಿಲ್ಲ. ಮನೆಯಲ್ಲಿ ವಿ.ಸಿ.ಆರ್. ಇದ್ದ ಗುರುತಿನವರ ಬಾಗಿಲನ್ನೆಲ್ಲ ತಟ್ಟಿದೆ. ಎಲ್ಲೂ ಇಲ್ಲ. ಚನ್ನಪ್ಪ ಕೇಳಿದಾಗಲೆಲ್ಲ “ಸಿಗತದ, ಸಿಗತದ” ಎಂದೆ. ಹೇಳುವ ಎದೆಗಾರಿಕೆ ಬರಲಿಲ್ಲ.

ಪುಣ್ಯತಿಥಿಯ ದಿನ ಬಂದೇ ಬಂತು. ಬರಿಗೈಯಲ್ಲಿ ಹೋಗಲಾರದೆ, ಆಗತಾನೇ ಕವರು ಬಿಚ್ಚಿದ ಹೊಸ ಕ್ಯಾಸೆಟ್ಟಿಗೆ ಕಂಪ್ಯೂಟರಿನ ಲೋಗೋ ಮತ್ತು ಹಿಂದಿನ ವಾರದ ಆಟ ತುಂಬಿಕೊಂಡೆ. ಹೊರಡುವ ಮೊದಲು ಓಡಿಸಿಯೂ ನೋಡಿದೆ, ಬಂಗಾರದ ಅಕ್ಷರಗಳೇ ಬಂದವು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವ್ವನ ಮುಂದೆ ಹೋಗಿ ನಿಜ ಹೇಳಿಬಿಡುವುದು ಎಂದು ನಿರ್ಧರಿಸಿಕೊಂಡಿದ್ದೆ.

ಚನ್ನಪ್ಪ ಹಿಂದಿನ ದಿನವೇ ಊರಿಗೆ ಬಂದಿದ್ದ. ಮನೆ ತುಂಬ ಮಂದಿ. ಊಟಕ್ಕೆ ಕೂರಿಸಿದರು, ಹುಗ್ಗಿ ಬಡಿಸಿದರು. ಊಟವಾದ ಮೇಲೆ ಹೇಳೋಣವೆಂದರೆ ಅವ್ವ ಆಗಲೇ ಮುಖ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ಟಿ.ವಿ. ಮುಂದೆ ಕೂತಿದ್ದಳು, ಯಾರೋ ಬರುವವರನ್ನು ಕಾಯುವಂತೆ. ಕರೆಂಟು ಇರಲಿಲ್ಲ. ನಾನು ಹತ್ತಿರ ಹೋಗಿ “ಅವ್ವಾ, ಒಂದು ಮಾತು” ಎನ್ನುವಷ್ಟರಲ್ಲಿ ಫ್ಯಾನು ತಿರುಗಿತು, ಚನ್ನಪ್ಪನ ಅತ್ತಿಗೆ ನನ್ನ ಕೈಯಿಂದ ಕ್ಯಾಸೆಟ್ ತೆಗೆದುಕೊಂಡು ಹಾಕಿಯೇಬಿಟ್ಟಳು.

ನಾನು ತಲೆ ತಗ್ಗಿಸಿದೆ. ಅಕ್ಷರ ಹಾರುವ ಸದ್ದಿಗೆ ಕಾದೆ. ಕೇಳಿದ್ದು ಗಂಟೆಯ ಸದ್ದು.

ದೇವರ ಜಗುಲಿಯ ಕಡೆ ನೋಡಿದೆ. ಹಿತ್ತಾಳೆಯ ಗಂಟೆ ಅಲ್ಲಿ ತನ್ನ ಜಾಗದಲ್ಲೇ ಇತ್ತು, ಹತ್ತಿರ ಯಾರೂ ಇರಲಿಲ್ಲ. ಟಿ.ವಿ. ಕಡೆ ತಿರುಗಿದೆ. ಕಪ್ಪು ಬಟ್ಟೆ, ಕೆಂಬಾಳೆ, ಕರಿ ಪಟ್ಟಿಯ ವಾಚು. ಕೈ ಗಂಟೆಯನ್ನು ಕೆಳಗಿಟ್ಟಿತು. ನಾನು ಗುಂಡಿ ಒತ್ತಿ ನಿಲ್ಲಿಸಿದ ಜಾಗ ಅದು. ಅಲ್ಲಿಗೆ ನಿಲ್ಲಲಿಲ್ಲ. ಅಂಗೈ ತಿರುಗಿತು, ಮೆಲ್ಲಗೆ ಎರಡು ಸಲ ಆಡಿತು. ಆಮೇಲೆ ಪರದೆ ಕಪ್ಪಾಗಿ ಆಟ ಶುರುವಾಯಿತು.

“ಹಿಂಗೇ ಕೈ ಆಡಸ್ತಿದ್ಲು ನೋಡ್ರಿ” ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಚನ್ನಪ್ಪನೂ ನೋಡಿದ್ದ. ಅವನು ಈ ಸಲ ಹೊರಗೆ ಹೋಗಲಿಲ್ಲ.

ಅವ್ವ ನನ್ನ ಕೈ ಹಿಡಿದುಕೊಂಡಳು. “ಇಷ್ಟ್ ದಿನ ನಡುವ ಕತ್ತರಸ್ತಿದ್ರಿ ತಮ್ಮಾ. ಇವತ್ತ ಪೂರಾ ತೋರಿಸಿದಿ.”

ನನಗೆ ತಡೆಯಲಾಗಲಿಲ್ಲ. “ಅವ್ವಾ, ಆ ಕ್ಯಾಸೆಟ್ ನಾ ಅಳಸಿಬಿಟ್ಟೀನ್ರಿ. ನನ್ನ ಕೈಲೇ ಅಳಸೀನಿ” ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. “ಅಳಸಿದ್ರ, ಈಗ ಬಂದದ್ದೇನು?” ಎಂದಳು.

ಇನ್ನೊಮ್ಮೆ ಹಾಕಲೇನು ಎಂದು ಅತ್ತಿಗೆ ಕೇಳಿದಳು. ಅವ್ವ ಬೇಡವೆಂದಳು. “ಸಾಕು. ನಂಗ ಮನಸ್ಸು ತುಂಬೇದ” ಎಂದು ಎದ್ದು, ಕ್ಯಾಸೆಟ್ಟನ್ನು ನನ್ನ ಕೈಗೇ ಕೊಟ್ಟಳು.

ಮರುದಿನ ಕಪನೂರಿನ ಶೆಡ್ಡಿನಲ್ಲಿ ಚನ್ನಪ್ಪನಿಗೂ ಮೂಲ ಅಳಿಸಿದ್ದು, ಹೊಸ ಕ್ಯಾಸೆಟ್ಟಿಗೆ ತುಂಬಿದ್ದು, ಎಲ್ಲ ಹೇಳಿದೆ. ಅವನು ಕ್ಯಾಸೆಟ್ ಹಾಕಿದ. ಬಂಗಾರದ ಅಕ್ಷರಗಳು ಹಾರಿ ಬಂದವು. ಹಿಂದೆ ಸುತ್ತಿ ಮತ್ತೆ ಹಾಕಿದ, ಮತ್ತೆ ಅವೇ. ಕ್ಯಾಸೆಟ್ ಹೊರಗೆ ತೆಗೆದು ನನ್ನ ಕೈಗಿಟ್ಟು, “ಈಗ ಬರೇ ಅಕ್ಷರ ಬರ್ತಾವಂತ ಅವ್ವಗ ಹೇಳಬ್ಯಾಡ” ಎಂದ. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತ್ತು.

ಹಳೆಯ ಟೇಪಿನಲ್ಲಿ ಅಳಿಸಿದ ಚಿತ್ರದ ನೆರಳು ಉಳಿಯುತ್ತದೆಯೇ ಎಂದು ಒಬ್ಬ ಮೆಕ್ಯಾನಿಕ್‌ನನ್ನು ಕೇಳಿದ್ದುಂಟು. ಉಳಿದರೂ ಉಳಿದೀತು ಎಂದ. ಆದರೆ ನಾನು ಒಯ್ದದ್ದು ಹೊಸ ಕ್ಯಾಸೆಟ್ಟು. ಆ ಕೈ ತಿರುಗಿದ್ದನ್ನು ಯಾವ ಕ್ಯಾಮೆರಾವೂ ತೆಗೆದಿರಲಿಲ್ಲ. ಉಪಗ್ರಹದ ಚಾನೆಲ್ಲುಗಳ ಮುಂದೆ ನಮ್ಮ ಆಟ ನಡೆಯದೆ, ಮುಂದೆ ಕೆಂಬಾಳೆ ವಿಡಿಯೋ ಮುಚ್ಚಿತು. ವಿ.ಸಿ.ಆರ್.ಗಳು ಗುಜರಿಗೆ ಹೋದವು. ಅವ್ವನೂ ಹೋಗಿ ವರ್ಷಗಳಾದವು. ಕ್ಯಾಸೆಟ್ಟು ನನ್ನ ಹತ್ತಿರವೇ ಇದೆ, ಓಡಿಸುವ ಯಂತ್ರವಿಲ್ಲ.

ಇಷ್ಟು ವರ್ಷ ಯೋಚಿಸಿಯೂ ನನಗೆ ಬಗೆಹರಿದಿಲ್ಲ. ಒಂದು ಮಾತ್ರ ಗೊತ್ತು. ಉತ್ತರ ತಪ್ಪಿದವರಿಗಷ್ಟೇ ಶಾಂತಕ್ಕ ಹಾಗೆ ಕೈ ಆಡಿಸುತ್ತಿದ್ದದ್ದು. ಆ ಮಧ್ಯಾಹ್ನ ಆ ಮನೆಯಲ್ಲಿ ತಪ್ಪು ಮಾಡಿ ಕೂತಿದ್ದವನು ನಾನೊಬ್ಬನೇ.