ಮಷೀನಿನ ಮೈ ತೊಳೆದ ಅಕ್ಕ

"ತಮ್ಮಾ, ಲಗೂ ಬಾ. ನಿನ್ನ ಮಷೀನು ಚಾಲೂನ ಆಗವಲ್ದು!"

ಮಂಗಳವಾರ ಬೆಳಿಗ್ಗೆ ಮೇಡ್ಲೇರಿಯಿಂದ ಅಕ್ಕನ ಫೋನು. ಚಹಾ ಅರ್ಧಕ್ಕೇ ಬಿಟ್ಟು ಹೊರಟೆ. (ನನ್ನನ್ನು ಬಲ್ಲವರಿಗೆ ಇದು ಎಂಥ ಎಮರ್ಜೆನ್ಸಿ ಎಂದು ಗೊತ್ತು.)

ಮಷೀನು ಎಂದರೆ ಹಿತ್ತಲಲ್ಲಿ ಕಳೆ ತೆಗೆಯುವ ಪುಟ್ಟ ಪೆಟ್ರೋಲ್ ಯಂತ್ರ. ಎರಡು ತಿಂಗಳ ಹಿಂದೆ ರಾಣೆಬೆನ್ನೂರಿನಲ್ಲಿ ನಾನೇ ಕೊಡಿಸಿದ್ದು. ಅಕ್ಕನಿಗೆ ಮೊಣಕಾಲು ನೋವು. ಕುಕ್ಕರಗಾಲಲ್ಲಿ ಕೂತು ಕಳೆ ಕೀಳಲಾಗದು. "ಆಗದಿದ್ರ ಬಿಡು, ಹಿತ್ತಲಕ್ಕ ಫರ್ಸಿ ಹಾಸಿಬಿಡೋಣು" ಎಂದು ಅವಳ ಗಂಡ, ಅಂದರೆ ನಮ್ಮ ಮಾವ, ಕಲ್ಲು ಕೂಡ ನೋಡಿಕೊಂಡು ಬಂದಿದ್ದರು. ಮದುವೆಯಾಗಿ ಬಂದಾಗಿನಿಂದ ಬದನೆ, ಮೆಂತ್ಯ, ಬ್ಯಾಡಗಿ ಮೆಣಸಿನ ಗಿಡ ಬೆಳೆದ ನೆಲಕ್ಕೆ ಕಲ್ಲು! ಅಕ್ಕ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಮಷೀನು ಬಂದ ಮೇಲೆ ಆ ಮಾತು ನಿಂತಿತ್ತು.

ನಾನು ಹೋದಾಗ ಮಷೀನು ಮದುಮಗನಂತೆ ಹೊಳೆಯುತ್ತಿತ್ತು. ವಿಭೂತಿ, ಕುಂಕುಮ, ಹ್ಯಾಂಡಲ್ಲಿಗೆ ಸೇವಂತಿಗೆ ಸರ. ಚಾಲೂ ಮಾಡುವ ಹಗ್ಗ ಜಗ್ಗಿದೆ, ಜಗ್ಗಿದೆ. ಊಹೂಂ.

"ನಿನ್ನೆ ಏನ್ ಮಾಡಿದಿ?"

"ಸೋಮಾರ ಅಲ್ಲೇನೋ? ಸೋಮಾರ ಎತ್ತಿಗೆ ನೊಗ ಹಾಕ್ತಾರೇನು? ಇದಕ್ಕೂ ಸೂಟಿ ಕೊಟ್ಟೆ. ಮೈ ತೊಳದೆ."

"ಎಷ್ಟು ನೀರು?"

"ನಾಕ್ ಕೊಡ."

ಪಿತ್ತ ನೆತ್ತಿಗೇರಿತು. "ಅಕ್ಕಾ, ಇದೇನು ಎತ್ತೇನು? ತಲಿ ಐತಿಲ್ಲೋ ನಿನಗ?" ಎಂದುಬಿಟ್ಟೆ, ಮಾವನ ಮುಂದೆಯೇ.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಒಯ್ದುಬಿಡಪಾ. ಅವರು ಫರ್ಸಿನ ಹಾಸಲಿ." ಆ ಕ್ಷಣವೇ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಪಂಪ್‌ಸೆಟ್ ರಿಪೇರಿ ಮಾಡುವ ಮಂಜಪ್ಪನನ್ನು ಕರೆಸಿದೆ. ಏರ್ ಫಿಲ್ಟರಿನ ಸ್ಪಂಜು ತೆಗೆದು ಹಿಂಡಿದ, ನೀರು ಸುರಿಯಿತು. ಬಿಸಿಲಿಗಿಟ್ಟ. ಪ್ಲಗ್ ಬಿಚ್ಚಿ ಒರೆಸಿದ. "ಇದೇನ್ ದೊಡ್ಡದಲ್ರಿ, ಒಣಗಿದ್ರ ಆತು" ಎಂದ. ಆಮೇಲೆ ಎಂಜಿನ್ ಆಯಿಲ್ ನೋಡುವ ಕಡ್ಡಿ ಎಳೆದವನ ಮುಖ ಗಂಟಾಯಿತು. ತುದಿಯಲ್ಲಷ್ಟೇ ಕಾಡಿಗೆಯಂಥ ಕರಿ ಎಣ್ಣೆ.

"ಹೊಸಾ ಮಷೀನಿಂದು ಮೊದಲನೇ ಎಣ್ಣಿ ಲಗೂ ಬದಲಿ ಮಾಡಬೇಕ್ರಿ. ಅಂಗಡ್ಯಾಗ ಹೇಳಿಲ್ಲೇನು? ಇನ್ನೊಂದು ವಾರ ಓಡಿಸಿದ್ರ ಎಂಜಿನ್ ಸೀಜ್ ಆಗಿ ಹಾಳಾಗತಿತ್ತು."

ಹೇಳಿದ್ದರು. ನನಗೇ ಹೇಳಿದ್ದರು. ನಾನು ಹೂಂ ಹೂಂ ಎನ್ನುತ್ತ ಮಷೀನಿನ ಜೊತೆ ಸೆಲ್ಫಿ ತೆಗೆಯುತ್ತಿದ್ದೆ. ('ಅಕ್ಕನಿಗೊಂದು ಗಿಫ್ಟ್' ಎಂದು ಸ್ಟೇಟಸ್ ಹಾಕಬೇಕಿತ್ತಲ್ಲ!) ಅಕ್ಕನಿಗೆ ತಿಳಿಸುವುದನ್ನೇ ಮರೆತೆ. ಈಗ ನೋಡಿದರೆ ಅವಳ ನಾಲ್ಕು ಕೊಡ ನೀರೇ ಮಷೀನು ನಿಲ್ಲಿಸಿ ಎಂಜಿನ್ನನ್ನು ಉಳಿಸಿತ್ತು.

"ಅಕ್ಕಾ, ತಪ್ಪು ನಂದು" ಎಂದೆ, ಅದನ್ನೂ ಮಾವನ ಮುಂದೆಯೇ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಮಂಜಪ್ಪನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಎಣ್ಣೆ ಎಲ್ಲಿ ಹಾಕಬೇಕು, ಬ್ಲೇಡಿಗೆ ಸುತ್ತಿದ ಬೇರು ಹೇಗೆ ಬಿಡಿಸಬೇಕು, ಎಲ್ಲ ಕೇಳಿಕೊಂಡಳು.

"ಹಸಿ ಅರಿವಿಲೇ ಒರಸಿದ್ರ ನಡಿತೈತೇನಪಾ?"

"ಭೇಷ್ ನಡಿತೈತ್ರಿ ಅವ್ವಾರ. ಸೋಮಾರಕ್ಕೊಮ್ಮಿ ಒರಸ್ರಿ, ಹಂಗ ಎಣ್ಣಿನೂ ನೋಡ್ರಿ."

ಮಂಜಪ್ಪ ಹೊಸ ಎಣ್ಣೆ ತುಂಬಿ, ಒಣಗಿದ ಸ್ಪಂಜು ಕೂರಿಸಿದ. ಎರಡನೇ ಸಲ ಹಗ್ಗ ಜಗ್ಗಿದ್ದೇ ತಡ, ಮಷೀನು ಗುರ್ರೆಂದಿತು. ಅಕ್ಕ ತಾನೇ ಹಿಡಿದು ಮೆಣಸಿನ ಸಾಲಿಗೆ ಇಳಿದಳು. ಮಾವ ಅಕ್ಕ ಬಿಟ್ಟೆದ್ದ ಸ್ಟೂಲು ಎತ್ತಿಕೊಂಡು ಒಳಗೆ ಹೋದರು.

ನಾವೆಲ್ಲ ಹೀಗೇ ಅಲ್ಲವೇ? ಮನೆಯವರಿಗೆ ಫೋನು ಕೊಡಿಸುತ್ತೇವೆ, ಮಿಕ್ಸರ್ ಕೊಡಿಸುತ್ತೇವೆ. ಕೂತು ಹತ್ತು ನಿಮಿಷ ಹೇಳಿಕೊಡಲು ಮಾತ್ರ ಪುರುಸೊತ್ತಿಲ್ಲ.

ಪ್ರೀತಿಯಿಂದ ತಪ್ಪು ಮಾಡಿದವಳನ್ನು ಬೈಯಲು ನಾನಿದ್ದೆ. ಕೊಡಿಸಿ ಮರೆತವನನ್ನು ಬೈಯಲು ಯಾರಿದ್ದಾರೆ?