ಎಡಗಾಲಿನ ಅಳತೆ

ಜೀನ್ಸ್ ಪ್ಯಾಂಟಿನ ಕಾಲು ಉದ್ದವಾದರೆ ಮಡಚಬೇಕೋ, ಕತ್ತರಿಸಿ ಹೊಲಿಯಬೇಕೋ? ಇದೂ ಒಂದು ಜಗಳವೇ ಎಂದು ಕೇಳಿದವರು ನಗುತ್ತಾರೆ. ನಗಲಿ. ನಮ್ಮ ಮನೆಯಲ್ಲಿ ಎರಡು ವರ್ಷ ಗಂಡ ಹೆಂಡತಿ ಕಚ್ಚಾಡಿದ್ದು ಇದೊಂದಕ್ಕೇ.

ಆಗ ನಾವು ಪುಣೆಯ ಬಿಬವೇವಾಡಿಯಲ್ಲಿ ಒಂದೇ ಖೋಲಿಯ ಮನೆಯಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡುತ್ತಿದ್ದೆ, ಓಣಿಯವರ ಪ್ಯಾಂಟುಗಳನ್ನೂ ಮೋಟು ಮಾಡಿ ಕೊಡುತ್ತಿದ್ದೆ. ನಮ್ಮ ಮನೆಯವರು ಕಾರ್ಖಾನೆಯಲ್ಲಿ ನಿಚ್ಚಣಿಕೆಯಿಂದ ಬಿದ್ದು ಎಡತೊಡೆ ಮುರಿದುಕೊಂಡಿದ್ದರು. ಎಲುಬು ಕೂಡಿತು, ಆದರೆ ಕಾಲು ಒಂದೂವರೆ ಇಂಚು ಗಿಡ್ಡವಾಯಿತು. ಕೆಲಸವೂ ಹೋಯಿತು. ಕಾಲು ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದರೆ ಡಾಕ್ಟರು ‘ನೋಡೋಣ’ ಅಂದಿದ್ದರು. ಆ ಒಂದು ಮಾತನ್ನೇ ನಂಬಿಕೊಂಡು ಇವರು ದಿನಾ ಮುಂಜಾನೆ ಗೋಡೆ ಹಿಡಿದು ಕಾಲು ಜಗ್ಗುತ್ತಿದ್ದರು.

ಸೊರಗಿದ ಕಾಲು ಕಾಣಬಾರದೆಂದು ದಪ್ಪ ಬಟ್ಟೆಯ ಜೀನ್ಸ್ ತಂದರು. ರೆಡಿಮೇಡು, ಎರಡೂ ಕಡೆ ಉದ್ದ. ಬಲಗಡೆ ಎರಡು ಮಡಿಕೆ, ಎಡಗಡೆ ಮೂರು ಹಾಕಿಕೊಂಡು ತಿರುಗಾಡುತ್ತಿದ್ದರು. ಕತ್ತರಿಸಿ ಹೊಲಿದು ಕೊಡುತ್ತೇನೆ ಅಂದರೆ ಮೈಮೇಲೆ ಬರುತ್ತಿದ್ದರು.

“ಮಡಚಿದ್ದು ಬಿಚ್ಚಬಹುದು. ಕಾಲು ಸರಿ ಆದಮ್ಯಾಲೆ ಕತ್ತರಿಸಿದ್ದನ್ನ ಎಲ್ಲಿಂದ ತರ್ತಿ?”

ನಾನೇನು ಸುಮ್ಮನಿರುವವಳೇ? ಬಿಚ್ಚಿಕೊಂಡ ಎಡಮಡಿಕೆ ನೆಲಕ್ಕೆ ಎಳೆದಾಡುವಾಗ, ನಮ್ಮ ಮನೆಗೆ ಕಸಬರಿಗೆ ಬೇಕಾಗಿಲ್ಲ ಬಿಡಿ ಎಂದು ಚುಚ್ಚುತ್ತಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಎರಡು ವರ್ಷದ ಮೇಲೆ ಒಂದು ಗೋದಾಮಿನಲ್ಲಿ ಕೂತು ಮಾಡುವ ಕೆಲಸವೊಂದು ಸಿಗುವಂತಾಯಿತು. ಮಾಲಕರಿಗೆ ಕಾಲಿನ ಸುದ್ದಿ ಹೇಳಿರಲಿಲ್ಲ. ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಕುರ್ಚಿ ಹಿಡಿದರೆ ಗೆದ್ದೆವು ಅಂದುಕೊಂಡಿದ್ದೆವು. ಹೊರಟವರು ಸ್ವಾರಗೇಟಿನಲ್ಲಿ ಬಸ್ಸು ಹತ್ತುವಾಗ ಎಡಮಡಿಕೆ ಬಿಚ್ಚಿ, ಅದನ್ನೇ ತುಳಿದು ಬಿದ್ದರು. ಹಣೆ ಒಡೆದುಕೊಂಡು ಮನೆಗೆ ಬಂದರು. ಮಾಲಕರಿಗೆ ಫೋನು ಮಾಡಿ ಜ್ವರ ಎಂದು ಸುಳ್ಳು ಹೇಳಿದೆ. ಸೋಮವಾರ ಬರಲಿ, ತಪ್ಪಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಅಂದರು.

ರವಿವಾರ ಮಧ್ಯಾಹ್ನ ಇವರು ಉಂಡು ಮಲಗಿದ್ದರು. ನಮ್ಮ ಕಡೆ ಮಲಗಿದವರ ಅಳತೆ ತೆಗೆಯುವುದಿಲ್ಲ, ಅದು ಹೆಣಕ್ಕೆ ಮಾಡುವ ಕೆಲಸ. ಗೊತ್ತಿದ್ದೂ ಟೇಪು ಹಿಡಿದೆ. ಎಚ್ಚರವಿದ್ದಾಗ ಆ ಕಾಲು ಮುಟ್ಟಗೊಟ್ಟಿದ್ದರೆ ತಾನೇ? ಉಸಿರು ಬಿಗಿಹಿಡಿದು ಎಡಗಾಲು ಅಳೆದೆ. ಬಲಗಾಲಿನದು ಹಳೆಯ ಪ್ಯಾಂಟಿನಿಂದ ತೆಗೆದರಾಯಿತು ಎಂದು ಬಿಟ್ಟೆ.

ಹೊಲಿಯುವವರ ಕೈಗೆ ಒಂದು ರೂಢಿ ಇರುತ್ತದೆ. ಪ್ಯಾಂಟಿನ ಎರಡೂ ಕಾಲು ಒಂದರ ಮೇಲೊಂದು ಇಟ್ಟು, ಅಂಚಿಗೆ ಅಂಚು ಕೂಡಿಸಿ, ಒಂದೇ ಸಲ ಕತ್ತರಿ ಆಡಿಸುವುದು. ಸಾವಿರ ಪ್ಯಾಂಟು ಹಾಗೇ ಕತ್ತರಿಸಿದ ಕೈ. ಕಣ್ಣು ಅವರ ಮೇಲೆ, ಎಲ್ಲಿ ಏಳುತ್ತಾರೋ ಎಂದು. ಜೀನ್ಸಿನ ಎರಡು ತುಂಡು ಕೆಳಗೆ ಬಿದ್ದ ಮೇಲೆ ನೋಡಿಕೊಂಡೆ. ಎಡಗಾಲಿನ ಗುರುತಿಗೇ ಎರಡನ್ನೂ ಕತ್ತರಿಸಿಬಿಟ್ಟಿದ್ದೆ.

ಬಲಗಡೆಯ ತುಂಡನ್ನು ಮತ್ತೆ ಜೋಡಿಸಲು ಹೋದೆ. ಸೀರೆಗೆಂದು ಇಟ್ಟ ತೆಳ್ಳನೆಯ ಸೂಜಿ ಆ ದಪ್ಪಕ್ಕೆ ಮುರಿಯಿತು. ಇನ್ನೊಂದು ಹಾಕಿದೆ, ಅದೂ ಮುರಿಯಿತು. ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ. ಅಷ್ಟರಲ್ಲಿ ಇವರು ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಪ್ಯಾಂಟು ಇಸಿದುಕೊಂಡು ಹಾಕಿಕೊಂಡರು.

ಬಲಗಡೆ ಮೋಟಾಗಿ ಪಾದದ ಮೇಲಿನ ಹರಡು ಕಾಣುತ್ತಿತ್ತು. ಎಡಗಡೆ ಮಾತ್ರ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಎರಡು ವರ್ಷದಲ್ಲಿ ಮೊದಲನೆಯ ಸಲ ಅದು ನೆಲಕ್ಕೆ ತಾಗಿರಲಿಲ್ಲ. ಅವರು ಬಲಗಡೆ ನೋಡಲೇ ಇಲ್ಲ.

“ಇದರ ಅಳತಿ ಯಾವಾಗ ತಗೊಂಡಿ?”

“ನೀವು ಮಲಗಿದಾಗ, ರೀ.”

ಬಗ್ಗಿ ಎಡಗಡೆಯ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಹೋಗಿ ಹಾಸಿಗೆಯ ಮೇಲೆ ಅಂಗಾತ ಮಲಗಿ, ಎರಡೂ ಕೈ ಪಕ್ಕಕ್ಕಿಟ್ಟುಕೊಂಡರು.

“ಬಲಗಾಲಿಂದೂ ತಗೋ. ಈಗ ಎಚ್ಚರ ಇದ್ದೀನಿ.”

ಟೇಪು ಕೈಯಲ್ಲೇ ಇತ್ತು. ನನ್ನಿಂದ ಆಗಲಿಲ್ಲ. ಸೋಮವಾರ ಅವರು ಗೋದಾಮಿಗೆ ಹೋಗಲಿಲ್ಲ. ಗೋಡೆ ಹಿಡಿದು ಕಾಲು ಜಗ್ಗುವುದನ್ನೂ ಅವತ್ತಿನಿಂದ ಬಿಟ್ಟರು.