ಜಾಹೇದಾ ಬಳೆ ಇಡದೆ ಎದ್ದ ದಿನ

ಬಸಿರಿನ ಮೊದಲ ಮೂರು ತಿಂಗಳು ಹೊಟ್ಟೆಯ ಕೂಸಿಗೆ ತನ್ನದೇ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ. ಮಿದುಳು ಬೆಳೆಯಲು ಬೇಕಾದದ್ದು ತಾಯಿಯಿಂದಲೇ ಬರಬೇಕು. ಕೂಸು ತೇಲುವ ಗರ್ಭದ ನೀರಿನಲ್ಲಿ ಆಗ ಇರುವುದೂ ಅವಳದೇ ಹಾರ್ಮೋನು. ಸರಿಯಾಗಿ ಅದೇ ಮೂರು ತಿಂಗಳು ನಾವು ದೃಷ್ಟಿಯಾದೀತೆಂದು ಬಸಿರನ್ನು ಬಚ್ಚಿಡುತ್ತೇವೆ. ದವಾಖಾನೆಯಿಂದಲೂ.

ಇದನ್ನು ನನಗೆ ಕಲಿಸಿದವಳು ಜತ್ತ ತಾಲೂಕಿನ ಉಟಗಿ ಎಂಬ ಊರಿನ ಬಳೆಗಾರ್ತಿ ಜಾಹೇದಾ. ಶಾಲೆಯಲ್ಲಿ ಮೂರನೇ ಇಯತ್ತೆಯ ತನಕ ಓದಿದವಳು, ಇಪ್ಪತ್ತೆರಡು ವರ್ಷದಿಂದ ಊರ ಹೆಂಗಸರ ಕೈ ಹಿಡಿದವಳು. ಯಾರ ಮಣಿಕಟ್ಟಿಗೆ ಯಾವ ಅಳತೆ ಎಂಬುದು ಅವಳ ಬೆರಳಿಗೆ ಗೊತ್ತು. ಮಗಳು ಶಾಹೀನ ಹೊಟ್ಟೆಯಲ್ಲಿದ್ದಾಗ ಅವಳು ತನ್ನ ಥೈರಾಯ್ಡ್ ಕಾಯಿಲೆಯ ಗುಳಿಗೆ ಬಿಟ್ಟಿದ್ದಳು. ಹದಿನೇಳರ ಶಾಹೀನಳಿಗೆ ಇಂದಿಗೂ ಒಂದು ಡಜನ್ ಬಳೆ ಎಣಿಸಲು ಬಾರದು. ಗುಳಿಗೆ ಬಿಟ್ಟದ್ದಕ್ಕೇ ಹೀಗಾಯಿತೆಂದು ಖಚಿತವಾಗಿ ಹೇಳಲಾರೆ ಎಂದರು ಡಾಕ್ಟರು. ಆ ‘ಹೇಳಲಾರೆ’ಯನ್ನು ಹೊತ್ತೇ ಅವಳು ಓಣಿ ತಿರುಗುತ್ತಾಳೆ.

ಹೋದ ಶ್ರಾವಣದಲ್ಲಿ ಗೌರವ್ವನ ಸೊಸೆ ನಂದಾಳ ಹಳೆಯ ಬಳೆಗಳನ್ನು ಒಡೆದು ತೆಗೆದು ಹೊಸವು ಏರಿಸಹೋದಳು. ಏರಲಿಲ್ಲ.

“ಹೋದ ಸಲ ಇದ ಅಳತಿ ಸರಳ ಏರಿತ್ತಲ್ಲವಾ?”

“ಸೊಸಿ ಮೈ ತುಂಬ್ಯಾಳ. ನಿನಗ್ಯಾಕ ಹೊಟ್ಟಿ ಉರಿ?” ಎಂದಳು ಗೌರವ್ವ.

“ತುಂಬಿಲ್ಲಕ್ಕ, ಕೈ ಬಾತೈತಿ.” ಅವಳೂ ನಂದಾಳೂ ಜತ್ತದ ಒಬ್ಬರೇ ಡಾಕ್ಟರ ಬಳಿ ಹೋಗುವವರು; ನಂದಾಳಿಗೂ ಥೈರಾಯ್ಡ್ ಕಾಯಿಲೆಯೆಂದೂ, ಗುಳಿಗೆ ತಪ್ಪಿದರೆ ಕೈ ಬಾಯುತ್ತದೆಂದೂ ಜಾಹೇದಾಗೆ ಗೊತ್ತಿತ್ತು. “ಗುಳಗಿ ತಗೋಳಾಕತ್ತೀಯಿಲ್ಲೊ?”

ನಂದಾ ಅತ್ತೆಯತ್ತ ನೋಡಿದಳು. “ಬಸರಾದಾಗಿಂದ ಬಿಟ್ಟೇನ್ರಿ ಚಾಚಿ, ಎರಡ ತಿಂಗಳಾತು. ಮೂರು ತಿಂಗಳ ತುಂಬೂತನಕ ಯಾವ ಗುಳಗಿನೂ ಬ್ಯಾಡಂದಾರ ಅತ್ತಿ.”

ಜಾಹೇದಾ ಬಳೆಗಳನ್ನು ಗಂಟು ಕಟ್ಟಿ ಎದ್ದಳು.

“ನಾ ಬಳಿ ಇಡೂದಿಲ್ಲ. ಮೊದಲ ಜತ್ತಕ್ಕ ಹೋಗಿ ಡಾಕ್ಟರಿಗೆ ತೋರಿಸ್ರಿ.”

“ಮುತ್ತೈದಿನ್ನ ಬರಿಗೈಲೆ ಕುಂದ್ರಸ್ತೀ ಏನ?”

“ಕುಂದ್ರೂದ್ಯಾಕ? ಜತ್ತಕ್ಕ ಹೋಗೂ ಜೀಪು ಇನ್ನೂ ನಿಂತೈತಿ.”

ಸೊಸೆಯ ಬರಿಗೈ ಓಣಿಯ ಕಣ್ಣಿಗೆ ಬೀಳಬಾರದೆಂದು ಗೌರವ್ವ ಸೆರಗು ಹೊದಿಸಿ ಜೀಪು ಹತ್ತಿಸಿದಳು. ಕೂಸಿನ ಮಿದುಳಿಗಾಗಿ ಅಲ್ಲ, ಬಳೆಗಾಗಿ. ಡಾಕ್ಟರು ರಕ್ತ ತೆಗೆದುಕೊಂಡು, ಗುಳಿಗೆ ಮತ್ತೆ ಶುರು ಮಾಡಿದರು. ಸಂಜೆ ಗುಳಿಗೆಯ ಚೀಟಿ ನೋಡಿದ ಮೇಲೆಯೇ ಜಾಹೇದಾ ದೊಡ್ಡ ಅಳತೆಯ ಹಸಿರು ಬಳೆ ಇಟ್ಟಳು. ಕಳೆದ ಎರಡು ತಿಂಗಳನ್ನು ಮಾತ್ರ ಯಾವ ಡಾಕ್ಟರೂ ಮರಳಿ ಕೊಡಲಾರರು. ನಂದಾಳ ಕೂಸು ಹುಟ್ಟಿ, ನಡೆದು, ಮಾತಾಡುವ ತನಕ ಜಾಹೇದಾಗೆ ನಿರಾಳವಿಲ್ಲ.

ನಿಮ್ಮ ಸೊಸೆಯ ಬಸಿರನ್ನು ಓಣಿಯಿಂದ ಬೇಕಾದಷ್ಟು ದಿನ ಮುಚ್ಚಿಡಿ. ಡಾಕ್ಟರಿಗೆ ಇವತ್ತೇ ಹೇಳಿ. ಗೋಡೆಯ ಗೂಡಿನಲ್ಲಿ ಬಚ್ಚಿಟ್ಟ ಗುಳಿಗೆಯನ್ನು ತೆಗೆದು ಅವಳ ಕೈಗೆ ಕೊಡಿ.